ವಿಆರ್ ಹೆಡ್‌ಸೆಟ್ ಹಾಕಿಕೊಂಡು ರಿಯಾಕ್ಟರ್ ಕೆಲಸ ಕಲಿಯಬಹುದಾ?

"ಮಾಲ್‌ನಲ್ಲಿ ಮಗನ ಜೊತೆ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣೆದುರು ಕಂಪ್ಯೂಟರ್ ಕಟ್ಟಿಕೊಡುವ ಜಾಗ) ಆಟ ಆಡಿದೆ. ಅಣು ವಿದ್ಯುತ್ ಸ್ಥಾವರಗಳಲ್ಲೂ ಇಂಥದ್ದೇ ಹೆಡ್‌ಸೆಟ್ ಹಾಕಿ ತರಬೇತಿ ಕೊಡ್ತಾರಂತೆ. ಅಷ್ಟು ಸಾಕಾ?" ಬೆಂಗಳೂರಿನ ರಾಜಾಜಿನಗರದ ಓದುಗರೊಬ್ಬರ ಪ್ರಶ್ನೆ ಇದು.

ಕಂಟ್ರೋಲ್ ರೂಮಿನಲ್ಲಿ ಕೂರುವವರಿಗೆ ಸಾಲದು. ರಿಯಾಕ್ಟರ್ ಕಟ್ಟಡದೊಳಗೆ ಹೋಗಿ ರಿಪೇರಿ ಮಾಡುವವರಿಗೆ ಮಾತ್ರ ಇದು ನಿಜಕ್ಕೂ ದೊಡ್ಡ ಉಪಕಾರ.

ಕಂಟ್ರೋಲ್ ರೂಮಿಗೆ ಬೇರೆ ಸಿಮ್ಯುಲೇಟರ್ ಇರುತ್ತದೆ. ಅದೇ ಪ್ಯಾನೆಲ್, ಅದೇ ಸ್ವಿಚ್, ಅದೇ ಅಲಾರಂ. ಹಿಂದೆ ರಿಯಾಕ್ಟರ್ ಬದಲು ಕಂಪ್ಯೂಟರ್, ಅಷ್ಟೇ. ಇಂಥ ತರಬೇತಿ ಎಷ್ಟು ಮುಖ್ಯ ಅನ್ನೋದು ಎಲ್ಲರಿಗೂ ಮನವರಿಕೆಯಾಗಿದ್ದು 1979ರ ಮಾರ್ಚ್ 28ರ ನಂತರ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಅಂದು ಒಂದು ವಾಲ್ವ್ ತೆರೆದೇ ಉಳಿದು, ರಿಯಾಕ್ಟರ್ ತಂಪಾಗಿಡುವ ನೀರು ಹೊರಗೆ ಹೋಗುತ್ತಿತ್ತು. ಪ್ಯಾನೆಲ್ ಮೇಲಿನ ದೀಪ ಆರಿತ್ತು. ಮುಚ್ಚು ಅನ್ನೋ ಆದೇಶ ಹೋಗಿದೆ ಅಂತ ಅದರ ಅರ್ಥ, ವಾಲ್ವ್ ಮುಚ್ಚಿದೆ ಅಂತಲ್ಲ. ಆಪರೇಟರ್‌ಗಳು ದೀಪವನ್ನು ನಂಬಿದರು. ಒಳಗೆ ನೀರು ಜಾಸ್ತಿಯಾಗಿದೆ ಅಂದುಕೊಂಡು, ಬರುತ್ತಿದ್ದ ನೀರನ್ನೂ ತಗ್ಗಿಸಿದರು. ಇಂಧನ ಹೆಚ್ಚುಕಡಿಮೆ ಅರ್ಧ ಕರಗಿಹೋಯಿತು.

ಇನ್ನು ವಿಆರ್. ವಿಕಿರಣ ಇರುವ ಜಾಗದಲ್ಲಿ ನಿಂತು ಅಭ್ಯಾಸ ಮಾಡೋಕೆ ಆಗಲ್ಲ. ನಿಂತಷ್ಟು ಹೊತ್ತೂ ಮೈಗೆ ಡೋಸ್ ಸೇರುತ್ತಲೇ ಇರುತ್ತದೆ. ನಮ್ಮಲ್ಲಿ ಕೆಲಸಗಾರರಿಗೆ ವರ್ಷಕ್ಕೆ 30 ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ), ಐದು ವರ್ಷಕ್ಕೆ 100 ಮಿತಿ. ಗಂಟೆಗೆ 3 ಮಿಲಿಸೀವರ್ಟ್ ಇರುವ ಕಡೆ ಒಂದು ಕೆಲಸಕ್ಕೆ 40 ನಿಮಿಷ ಹಿಡಿದರೆ 2 ಮಿಲಿಸೀವರ್ಟ್ ಆಯಿತು. 20 ನಿಮಿಷದಲ್ಲಿ ಮುಗಿಸಿದರೆ ಒಂದೇ ಮಿಲಿಸೀವರ್ಟ್.

ಆ 20 ನಿಮಿಷ ಉಳಿಸೋದು ಹೇಗೆ? ನಮ್ಮ ಕೈಗಾವನ್ನೇ ನೋಡಿ. ಅಲ್ಲಿನ 220 ಮೆಗಾವ್ಯಾಟ್ ರಿಯಾಕ್ಟರ್ ಒಂದೊಂದರಲ್ಲೂ 306 ಇಂಧನ ಕೊಳವೆಗಳಿವೆ, ನೋಡೋಕೆ ಎಲ್ಲಾ ಒಂದೇ ಥರ. ಇಂಥ ಕಡೆ ಬೇಕಾದ್ದನ್ನು ಹುಡುಕುತ್ತಾ ನಿಂತರೆ ಸಮಯ ಸುಮ್ನೆ ಹೋಗುತ್ತದೆ. ಯಾವ ಏಣಿ ಹತ್ತಬೇಕು, ಎಲ್ಲಿ ಬಗ್ಗಬೇಕು, ಯಾವ ಮರೆಯಲ್ಲಿ ಕಾಯಬೇಕು ಅನ್ನೋದನ್ನು ಹೆಡ್‌ಸೆಟ್‌ನಲ್ಲಿ ಹತ್ತು ಸಲ ನಡೆದು ಬಂದವರು ಒಳಗೆ ತಡವರಿಸಲ್ಲ. ಜಪಾನಿನ ನರಾಹದಲ್ಲಿ, 2011ರಲ್ಲಿ ಅಪಘಾತವಾದ ಫುಕುಶಿಮಾ ಅಣು ಸ್ಥಾವರದ ಕೆಲಸಕ್ಕೆ ಹೋಗುವವರ ತಯಾರಿಗೆ ಅಂತಲೇ ವಿಆರ್ ವ್ಯವಸ್ಥೆ ಇದೆ.

ಕೈಗೆ ಬೇಕಾದ ಪಳಗಿಕೆ ಮಾತ್ರ ಇದರಿಂದ ಬರಲ್ಲ. ಜೋಡಿ ಗ್ಲೌಸ್ ತೊಟ್ಟು, ಮಂಜು ಕಟ್ಟಿದ ಮಾಸ್ಕ್‌ನಲ್ಲಿ ಬಿಗಿದ ನಟ್ ಬಿಚ್ಚೋದನ್ನು ಕಬ್ಬಿಣದ ಮಾದರಿಯ ಮೇಲೇ ಕಲಿಯಬೇಕು.

ನನ್ನ ಆತಂಕ ಇನ್ನೊಂದಿದೆ. ಸ್ಥಾವರದೊಳಗೆ ಹೊಸದಾಗಿ ಒಂದು ಪೈಪ್ ಎಳೆದರೆ, ವಿಆರ್ ಮಾದರಿಯಲ್ಲೂ ಅದನ್ನು ಅಂದೇ ಸೇರಿಸಬೇಕು. ಇಲ್ಲದಿದ್ದರೆ ಹೆಡ್‌ಸೆಟ್ ದಾರಿ ಖಾಲಿ ಇದೆ ಅನ್ನುತ್ತದೆ, ಆರಿದ ಆ ದೀಪ ವಾಲ್ವ್ ಮುಚ್ಚಿದೆ ಅನ್ನಿಸಿದ ಹಾಗೆ.