ಮನೆ ಒಂದೇ, ಒಲೆ ಎರಡು: ಜನಗಣತಿಯಲ್ಲಿ ನಾವು ಒಂದು ಕುಟುಂಬವೋ, ಎರಡೋ?

ಪ್ರಶ್ನೆ: ಕೆಳಗಿನ ಮನೆಯಲ್ಲಿ ಅಪ್ಪ, ಅಮ್ಮ, ತಮ್ಮ ಇದ್ದಾರೆ. ಮೇಲೆ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಅಡುಗೆ ಬೇರೆ ಬೇರೆ, ಹಬ್ಬಕ್ಕೆ ಮಾತ್ರ ಒಟ್ಟಿಗೆ. ಜನಗಣತಿಯವರು ಬಂದಾಗ ಒಂದೇ ಕುಟುಂಬ ಅಂತ ಹೇಳಬೇಕೇ?

ಎರಡು ಅಂತ ಹೇಳಿ.

ಗೊಂದಲ ಆಗುವುದು ಸಹಜ. ನಾವು ಕುಟುಂಬ ಅಂದರೆ ರಕ್ತಸಂಬಂಧ, ಮನೆದೇವರು, ಆಸ್ತಿ ಎಲ್ಲ ನೆನೆಯುತ್ತೇವೆ. ಜನಗಣತಿಯ ಫಾರಂನಲ್ಲೂ ಅದೇ ಪದ ಇದೆ, ಆದರೆ ಅರ್ಥ ಬೇರೆ. ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡುಗೆಮನೆಯ ಊಟ ಮಾಡುವವರೆಲ್ಲ ಸೇರಿ ಒಂದು ಕುಟುಂಬ. ಅಲ್ಲಿ ಕೇಳುವುದು ಒಲೆಯನ್ನು, ರಕ್ತವನ್ನಲ್ಲ. ನಿಮ್ಮಲ್ಲೇ ಇದ್ದು ನಿಮ್ಮ ಅಡುಗೆಯನ್ನೇ ಉಣ್ಣುವ ಮನೆಗೆಲಸದವರೂ ನಿಮ್ಮ ಕುಟುಂಬದ ಲೆಕ್ಕಕ್ಕೇ ಬರುತ್ತಾರೆ. ರಾತ್ರಿ ಪಾಳಿಗೆ ಹೋಗಿ ಕ್ಯಾಂಟೀನಿನಲ್ಲಿ ಉಣ್ಣುವ ಮಗನನ್ನು ಬಿಡುವುದಿಲ್ಲ. ಅದು ಕೆಲಸದ ಅನಿವಾರ್ಯ, ಅಷ್ಟೇ.

ನಮ್ಮ ಹಳ್ಳಿ ಜನ ಇದನ್ನು ಯಾವತ್ತೋ ಕಂಡುಕೊಂಡಿದ್ದರು. ಅಣ್ಣತಮ್ಮಂದಿರು ಬೇರೆಯಾದರೆ 'ಒಲೆ ಬೇರೆ ಆಯ್ತು' ಅನ್ನುತ್ತಿದ್ದರು. ನಮ್ಮ ಅಜ್ಜಿ ಮನೆಯಲ್ಲೂ ಹಾಗೇ ಇತ್ತು. ನಡುಮನೆ ಒಂದೇ, ಬಾವಿ ಒಂದೇ. ದೊಡ್ಡಪ್ಪನ ಒಲೆ ಹಿತ್ತಿಲ ಕಡೆ, ಚಿಕ್ಕಪ್ಪನದು ಜಗಲಿ ಕಡೆ. ಮಧ್ಯಾಹ್ನವಾದರೆ ಆಚೆಯಿಂದ ಒಂದು ಬಟ್ಟಲು ಹುಳಿ ಈಚೆಗೆ ಬರುತ್ತಿತ್ತು, ಈಚೆಯಿಂದ ಚಟ್ನಿ ಆಚೆಗೆ ಹೋಗುತ್ತಿತ್ತು. ಬಟ್ಟಲು ಯಾರೂ ಖಾಲಿ ವಾಪಸ್ ಕೊಡುತ್ತಿರಲಿಲ್ಲ. ಗಣತಿಯವರಿಗೆ ಅದು ಎರಡು ಕುಟುಂಬ. ನಮಗೆ ಮಾತ್ರ ಒಂದೇ ಮನೆ.

ಅದಕ್ಕೇ ಅಂಕಿಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು ಅನ್ನುವುದು. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಕುಟುಂಬಗಳು 1.3 ಕೋಟಿಗೂ ಜಾಸ್ತಿ. ಕುಟುಂಬಕ್ಕೆ ಸರಾಸರಿ 4.6 ಜನ. ಇದನ್ನು ನೋಡಿ 'ಕೂಡು ಕುಟುಂಬ ಮುರಿದುಬಿತ್ತು' ಅಂತ ಬರೆಯುವವರಿದ್ದಾರೆ. ನನಗೆ ಅದು ಬೇಸರ ತರುತ್ತದೆ. ಒಲೆ ಬೇರೆಯಾದ ಮಾತ್ರಕ್ಕೆ ಬಾಂಧವ್ಯ ಮುರಿಯಿತೇ? ಕೊಡಗಿನಲ್ಲಿ ಒಂದು ಒಕ್ಕದವರು, ಅಂದರೆ ಒಂದೇ ವಂಶದವರು, ಊರೂರಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡಿದ್ದರೂ ಅವರಿಗೆಲ್ಲ ಐನ್‌ಮನೆ, ಅಂದರೆ ವಂಶದ ಮೂಲಮನೆ, ಒಂದೇ. ತುಳುನಾಡಿನಲ್ಲಿ ಅಳಿಯಸಂತಾನದ ಕುಟುಂಬ ತಾಯಿಯ ಕಡೆಯಿಂದ ಲೆಕ್ಕ. ಅಲ್ಲಿ ಗಂಡ, ಹೆಂಡತಿ ಒಂದೇ ಒಲೆಯಲ್ಲಿ ಉಂಡರೂ ಕುಟುಂಬ ಬೇರೆ ಬೇರೆ. ಇದೆಲ್ಲ ಆ 4.6ರಲ್ಲಿ ಕಾಣುವುದೇ ಇಲ್ಲ.

ಹಾಸ್ಟೆಲ್, ಜೈಲು, ಆಶ್ರಮಗಳಂತೆ ಸಂಬಂಧಿಕರಲ್ಲದವರು ಒಂದೇ ಅಡುಗೆ ಉಣ್ಣುವ ಕಡೆ ಲೆಕ್ಕ ಬೇರೆ, ಅದು ಸಾಂಸ್ಥಿಕ ಕುಟುಂಬ. ಬಾಡಿಗೆ ಹಂಚಿಕೊಂಡು ಒಂದೇ ಮನೆಯಲ್ಲಿದ್ದರೂ ಊಟ ಅವರವರದೇ ಆದರೆ ಒಬ್ಬೊಬ್ಬರೂ ಒಂದೊಂದು ಕುಟುಂಬ.

ಇನ್ನು ನೀವು ಕೇಳದೆ ಬಿಟ್ಟಿರುವ, ಆದರೆ ಬಹಳ ಜನರಿಗೆ ಇರುವ ಭಯ: ಎರಡು ಅಂತ ಬರೆಸಿದರೆ ಆಸ್ತಿ ಪಾಲಾದಂತೆ ಆಗುತ್ತಾ? ಆಗುವುದಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ನೀವು ಕೊಟ್ಟ ಮಾಹಿತಿ ಗೋಪ್ಯ. ಆಸ್ತಿ ವ್ಯಾಜ್ಯದಲ್ಲಿ ಅದನ್ನು ಸಾಕ್ಷಿಯಾಗಿ ತರಲು ಬರುವುದಿಲ್ಲ. ರೇಷನ್ ಕಾರ್ಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಬರುವುದು ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಅಂತ ಇರುವವರಿಗೆ. ಕಾರ್ಡ್ ಒಂದೇ ಇದೆ ಅಂತ ಗಣತಿಯಲ್ಲಿ ಸುಮ್ನೆ ಒಂದೇ ಕುಟುಂಬ ಅಂತ ಬರೆಸಬೇಡಿ. ಎಷ್ಟು ಮನೆ, ಎಷ್ಟು ನಲ್ಲಿ, ಎಷ್ಟು ಶೌಚಾಲಯ ಬೇಕು ಅನ್ನುವ ಲೆಕ್ಕವೆಲ್ಲ ಈ ಕುಟುಂಬಗಳ ಎಣಿಕೆ ಮೇಲೇ ನಿಂತಿದೆ.

ಎರಡು ಕುಟುಂಬ ಅಂದ ಕೂಡಲೇ ಮುಖ್ಯಸ್ಥರು ಯಾರು ಅಂತ ಕೇಳುತ್ತಾರೆ. ಹಿರಿಯರೇ ಆಗಬೇಕು, ಗಂಡಸೇ ಆಗಬೇಕು ಅಂತ ನಿಯಮ ಇಲ್ಲ. ಮನೆಯವರು ಯಾರನ್ನು ಒಪ್ಪುತ್ತಾರೋ ಅವರ ಹೆಸರು. ಕೆಳಗಿನ ಮನೆಗೆ ಅಮ್ಮನ ಹೆಸರು, ಮೇಲಿನ ಮನೆಗೆ ನಿಮ್ಮ ಹೆಂಡತಿಯ ಹೆಸರು ಕೊಟ್ಟರೂ ಬರೆದುಕೊಳ್ಳುತ್ತಾರೆ. ಅವರು ಬಾಗಿಲಿಗೆ ಬರುವ ಮೊದಲೇ ಎಲ್ಲರೂ ಕೂತು ಮಾತಾಡಿಕೊಂಡಿರಿ.