ಈ ಫೈಲ್ ಮುಟ್ಟಿದರೆ ಇನ್ನಾವ ಫೈಲ್ ಮುಟ್ಟಬೇಕು?

ಪ್ರಶ್ನೆ: ಎಂಟು ವರ್ಷ ಹಳೆಯ ಕೋಡ್ ನೋಡಿಕೊಳ್ಳುವ ತಂಡಕ್ಕೆ ಹೊಸದಾಗಿ ಸೇರಿದ್ದೇನೆ. ನಾನೊಂದು ಫೈಲ್ ತಿದ್ದಿದರೆ ಸಾಕು, "ಅದರ ಜೊತೆ ಇದನ್ನೂ ತಿದ್ದಬೇಕಿತ್ತಲ್ಲ" ಎನ್ನುತ್ತಾರೆ ಹಿರಿಯರು. ಎರಡನ್ನೂ ತೆರೆದು ನೋಡಿದರೆ ನಂಟೇ ಕಾಣುವುದಿಲ್ಲ. ಇದನ್ನು ಮೊದಲೇ ತಿಳಿಯಲು ಸಾಧನವೇನಾದರೂ ಇದೆಯೇ?

ಉತ್ತರ: ಇದೆ. ನಿಮ್ಮ ಹಿರಿಯರ ತಲೆಯಲ್ಲಿರುವ ತಿಳಿವಳಿಕೆಯ ದೊಡ್ಡ ಪಾಲು ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಇತಿಹಾಸದಲ್ಲೂ ಇದೆ. ಯಾವ ಯಾವ ಫೈಲ್‌ಗಳು ಒಟ್ಟಿಗೆ ಬದಲಾದವು ಎಂಬುದನ್ನು ಪ್ರತಿ ಕಮಿಟ್, ಅಂದರೆ ಒಮ್ಮೆಗೆ ದಾಖಲಿಸಿದ ಬದಲಾವಣೆಗಳ ಕಂತೆ, ಬರೆದಿಟ್ಟುಕೊಂಡಿರುತ್ತದೆ. ಎಣಿಸಿದರೆ ಆಯಿತು.

ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶವೊಂದನ್ನು ಊಹಿಸಿಕೊಳ್ಳಿ. ಜಿಎಸ್‌ಟಿ ದರಗಳು ಬಿಲ್ ಲೆಕ್ಕ ಹಾಕುವ ಫೈಲ್‌ನಲ್ಲಿವೆ. ತಿಂಗಳ ವರದಿ ತೆಗೆಯುವ ಎಸ್‌ಕ್ಯೂಎಲ್ ಫೈಲ್‌ನಲ್ಲೂ ಯಾರೋ ಅವೇ ಅಂಕಿಗಳನ್ನು ನೇರವಾಗಿ ಬರೆದಿದ್ದಾರೆ. ಒಂದು ಇನ್ನೊಂದನ್ನು ಕರೆಯುವುದಿಲ್ಲ, ಹೆಸರಿಸುವುದೂ ಇಲ್ಲ. ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ಕಂಪೈಲರ್‌ಗೆ ಇದು ತಿಳಿಯುವ ದಾರಿಯೇ ಇಲ್ಲ. 2025ರ ಸೆಪ್ಟೆಂಬರ್ 22ರಂದು ಆದಂತೆ ದರಗಳು ಬದಲಾದಾಗ ಮಾತ್ರ ಎರಡನ್ನೂ ತಿದ್ದಬೇಕಾಗುತ್ತದೆ. ಕೋಡ್ ಮುಚ್ಚಿಟ್ಟ ನಂಟು ಇತಿಹಾಸದಲ್ಲಿ ಬಯಲಾಗುವುದು ಹೀಗೆ.

ಸಂಶೋಧಕರಾದ ಹೆರಾಲ್ಡ್ ಗಾಲ್, ಕರಿನ್ ಹಾಯೆಕ್, ಮೆಹ್ದಿ ಜಜಾಯೆರಿ 1998ರಲ್ಲೇ ದೂರಸಂಪರ್ಕ ವ್ಯವಸ್ಥೆಯೊಂದರ ಬಿಡುಗಡೆಗಳ ಇತಿಹಾಸದಿಂದ ಇಂಥ ನಂಟುಗಳನ್ನು ಹೆಕ್ಕಿ ತೋರಿಸಿದ್ದರು. 2004ರಲ್ಲಿ ಥಾಮಸ್ ಝಿಮ್ಮರ್‌ಮನ್ ಮತ್ತು ಸಂಗಡಿಗರು ಕೋಡ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್‌ಗಾಗಿ ರೋಸ್ ಎಂಬ ಸಾಧನ ಕಟ್ಟಿದರು. ಆನ್‌ಲೈನ್ ಅಂಗಡಿಗಳು "ಇದನ್ನು ಕೊಂಡವರು ಅದನ್ನೂ ಕೊಂಡರು" ಎನ್ನುತ್ತವಲ್ಲ, ಹಾಗೆಯೇ ಅದು "ಇದನ್ನು ಬದಲಿಸಿದವರು ಅದನ್ನೂ ಬದಲಿಸಿದರು" ಎಂದು ಸೂಚಿಸುತ್ತಿತ್ತು. ಇಂದು ನೀವು ಕೂತಲ್ಲೇ ಬಳಸಿ ನೋಡಬಹುದಾದದ್ದು ಆಡಮ್ ಟಾರ್ನ್‌ಹಿಲ್ ಕ್ಲೋಜರ್ ಭಾಷೆಯಲ್ಲಿ ಬರೆದ ಕೋಡ್ ಮಾತ್ ಎಂಬ ಸಾಧನ. ಗಿಟ್ ಲಾಗ್ ಅನ್ನು, ಅಂದರೆ ಕಮಿಟ್‌ಗಳ ಪಟ್ಟಿಯನ್ನು, ಅದು ಕೇಳುವ ರೂಪದಲ್ಲಿ ಒಂದು ಫೈಲ್‌ಗೆ ಇಳಿಸಿ ಕೊಟ್ಟರೆ, ಜೋಡಿಗಳ ಪಟ್ಟಿಯನ್ನೂ ಪ್ರತಿ ಜೋಡಿಯ ನಂಟಿನ ಶೇಕಡಾ ಪ್ರಮಾಣವನ್ನೂ ಕೊಡುತ್ತದೆ.

ಆ ಶೇಕಡಾವಾರು ಎಲ್ಲಿಂದ ಬಂತು ಎಂದು ತಿಳಿಯದೆ ಪಟ್ಟಿ ಓದಬೇಡಿ. ಬಿಲ್ ಫೈಲ್ 40 ಬಾರಿ, ವರದಿ ಫೈಲ್ 20 ಬಾರಿ, ಎರಡೂ ಕೂಡಿ 15 ಬಾರಿ ಬದಲಾಗಿವೆ ಎನ್ನಿ. ಕೋಡ್ ಮಾತ್ 40 ಮತ್ತು 20ರ ಸರಾಸರಿ 30ರಿಂದ 15ನ್ನು ಭಾಗಿಸಿ ಶೇ. 50 ಎನ್ನುತ್ತದೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಇನ್ನೂ ಸೂಕ್ಷ್ಮವಾದ ಲೆಕ್ಕ. ವರದಿ ಫೈಲ್ ಬದಲಾದ 20 ಸಲದಲ್ಲಿ 15 ಸಲ, ಅಂದರೆ ಶೇ. 75ರಷ್ಟು ಸಲ, ಬಿಲ್ ಫೈಲ್ ಕೂಡ ಬದಲಾಗಿದೆ. ಬಿಲ್ ಫೈಲ್ ಕಡೆಯಿಂದ ನೋಡಿದರೆ 40ರಲ್ಲಿ 15, ಶೇ. 37.5 ಮಾತ್ರ. ವರದಿಯನ್ನು ಮುಟ್ಟಿದವರು ಬಿಲ್ ಕಡೆ ನೋಡಲೇಬೇಕು. ಬಿಲ್ ಮುಟ್ಟಿದವರಿಗೆ ಅಷ್ಟು ಒತ್ತಾಯವಿಲ್ಲ. ಒಂದೇ ಸಂಖ್ಯೆಯಲ್ಲಿ ಈ ದಿಕ್ಕು ಅಳಿಸಿಹೋಗುತ್ತದೆ. ಹಾಗಾಗಿ ಮುಖ್ಯ ಜೋಡಿಗಳಿಗಾದರೂ ಎರಡೂ ಕಡೆಯ ಲೆಕ್ಕ ಹಾಕಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಇತಿಹಾಸವೂ ದಾರಿ ತಪ್ಪಿಸಬಹುದು. ಇಡೀ ಕೋಡಿನ ಅಂಚು, ಖಾಲಿ ಜಾಗ ಸರಿಪಡಿಸಿದ ಒಂದು ಕಮಿಟ್ ನೂರಾರು ಫೈಲ್‌ಗಳನ್ನು ಸುಳ್ಳೇ ನಂಟರನ್ನಾಗಿಸುತ್ತದೆ. ಇದಕ್ಕಾಗಿಯೇ ಕೋಡ್ ಮಾತ್ 30ಕ್ಕಿಂತ ಹೆಚ್ಚು ಫೈಲ್‌ಗಳಿರುವ ಕಮಿಟ್‌ಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಐದು ಸಲವಾದರೂ ಜೊತೆಯಾಗಿ ಬದಲಾಗದ ಜೋಡಿಯನ್ನು ತೋರಿಸುವುದಿಲ್ಲ. ಈ ಮಿತಿಗಳನ್ನು ನೀವು ಬದಲಿಸಬಹುದು. ಫೈಲ್‌ನ ಹೆಸರು ಬದಲಾಗಿದ್ದರೆ ಅದರ ಹಳೆಯ ಬದುಕು ಬೇರೆ ಫೈಲ್‌ನದೆಂದು ಎಣಿಕೆಯಾಗುವ ಸಾಧ್ಯತೆ ಇದೆ. ಒಂದೇ ಕೆಲಸವನ್ನು ಹಲವು ಕಮಿಟ್‌ಗಳಲ್ಲಿ ಚೂರುಚೂರು ಮಾಡುವ ತಂಡದಲ್ಲಿ ನಿಜವಾದ ನಂಟೂ ಕಾಣದೆ ಹೋಗುತ್ತದೆ. ಅಂಥಲ್ಲಿ ಒಂದೇ ದಿನದ ಕಮಿಟ್‌ಗಳನ್ನು ಒಂದಾಗಿ ಎಣಿಸುವ ಆಯ್ಕೆಯನ್ನು ಪ್ರಯತ್ನಿಸಿ.

ಪಟ್ಟಿ ಕೈಗೆ ಬಂದ ಮೇಲೆ ಪರೀಕ್ಷಾ ಫೈಲ್ ಮತ್ತು ಅದು ಪರೀಕ್ಷಿಸುವ ಫೈಲ್‌ನಂಥ ಜೋಡಿಗಳನ್ನು ದಾಟಿ ಮುಂದೆ ಹೋಗಿ. ಅವು ಜೊತೆಯಾಗಿ ಬದಲಾಗುವುದೇ ಆರೋಗ್ಯ. ಬೇರೆ ಬೇರೆ ಫೋಲ್ಡರ್‌ಗಳಲ್ಲಿದ್ದು, ಪರಸ್ಪರ ಹೆಸರೇ ಎತ್ತದೆ, ಆದರೂ ಪಟ್ಟಿಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವ ಜೋಡಿಯಲ್ಲಿ ನಿಲ್ಲಿ. ಅವು ಜೊತೆಯಾಗಿ ಬದಲಾದ ಕೊನೆಯ ಮೂರು ಕಮಿಟ್‌ಗಳನ್ನು ತೆರೆದು, ಎರಡೂ ಕಡೆ ತಿದ್ದಿದ ಸಾಲುಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮೂರರಲ್ಲೂ ಒಂದೇ ಅಂಕಿಯೋ ಒಂದೇ ನಿಯಮವೋ ಎರಡು ಕಡೆ ತಿದ್ದಲ್ಪಟ್ಟಿದ್ದರೆ, ಅದನ್ನು ಒಂದೇ ಜಾಗಕ್ಕೆ ತರುವ ಪ್ರಸ್ತಾವದೊಂದಿಗೆ ನಿಮ್ಮ ಹಿರಿಯರ ಬಳಿಗೆ ಹೋಗಿ.