ಚೆನ್ನಾಗಿ ಬದುಕುತ್ತಿರುವ ಟಿಬೆಟಿಯನ್ನರು ಇನ್ನೂ ನಿರಾಶ್ರಿತರೇ?

ಪ್ರಶ್ನೆ: ಬೈಲಕುಪ್ಪೆಗೆ ಹೋಗಿದ್ದೆವು. ಚಿನ್ನದ ಬಣ್ಣದ ದೊಡ್ಡ ಮಂದಿರ, ಹೋಟೆಲು, ಅಂಗಡಿ ಎಲ್ಲಾ ಇದೆ. ಟಿಬೆಟಿಯನ್ನರು ಬಂದು 60 ವರ್ಷ ದಾಟಿತು, ಚೆನ್ನಾಗಿಯೇ ಇದ್ದಾರೆ. ಅವರನ್ನು ಇನ್ನೂ ನಿರಾಶ್ರಿತರು ಅಂತ ಯಾಕೆ ಕರೆಯಬೇಕು?

ಉತ್ತರ: ತುಂಬಾ ಜನ ಕೇಳುವ ಪ್ರಶ್ನೆ ಇದು. ನಿರಾಶ್ರಿತ ಅಂದ ಕೂಡಲೇ ನಮಗೆ ಹರಿದ ಡೇರೆ, ಹಸಿದ ಮಗು ನೆನಪಾಗುತ್ತದೆ, ಅಲ್ವಾ? ಆದರೆ ಆ ಮಾತಿಗೂ ಬಡತನಕ್ಕೂ ಸಂಬಂಧವಿಲ್ಲ. ಭಯದಿಂದ ಊರು ಬಿಟ್ಟವರು, ಮತ್ತೆ ನಿಶ್ಚಿಂತೆಯಿಂದ ಅಲ್ಲಿಗೆ ಹೋಗಲಾಗದವರು ನಿರಾಶ್ರಿತರು. ಮನೆ ಮುಂದೆ ಬೈಕು ನಿಂತ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ನಾವು ನೋಡುವುದು ಪ್ರಯಾಣ ಮುಗಿದ ಮೇಲಿನ ಬದುಕನ್ನು. ದಾರಿ ನಮಗೆ ಕಾಣುವುದಿಲ್ಲ. 1959ರ ಮಾರ್ಚ್‌ನಲ್ಲಿ ಟಿಬೆಟಿಯನ್ನರ ಧರ್ಮಗುರು ದಲೈ ಲಾಮಾ, ಚೀನಾದ ಹಿಡಿತಕ್ಕೆ ಸಿಕ್ಕಿದ್ದ ಟಿಬೆಟಿನ ರಾಜಧಾನಿ ಲಾಸಾ ಬಿಟ್ಟು, ಈಗಿನ ಅರುಣಾಚಲದ ತವಾಂಗ್ ಕಡೆಯಿಂದ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಹಿಮದ ಕಣಿವೆಗಳನ್ನು ದಾಟಿದರು. ಬಂದು ಇಳಿದಿದ್ದು ಅಸ್ಸಾಂನ ಮಿಸ್ಸಾಮಾರಿಯಂಥ ಶಿಬಿರಗಳಲ್ಲಿ. ಚಳಿ ನಾಡಿನ ದಪ್ಪ ಉಡುಪು, ಮೇಲೆ ಅಸ್ಸಾಂನ ಸೆಕೆ. ಹಿಮ ದಾಟಿ ಬದುಕಿದ್ದವರಲ್ಲಿ ಎಷ್ಟೋ ಮಂದಿ ಇಲ್ಲಿ ಕಾಯಿಲೆಗೆ ಸತ್ತರು. ಉಳಿದವರಲ್ಲಿ ಸಾವಿರಾರು ಜನ ಹಿಮಾಲಯದ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಒಡೆದರು.

ಜಾಗ ಕೊಡಿ ಎಂದು ನೆಹರು ರಾಜ್ಯಗಳನ್ನು ಕೇಳಿದಾಗ ನಮ್ಮ ರಾಜ್ಯ, ಅಂದರೆ ಆಗಿನ ಮೈಸೂರು ರಾಜ್ಯ, ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಇದು ನಾವು ನಿಜಕ್ಕೂ ಹೆಮ್ಮೆಪಡಬೇಕಾದ ಸಂಗತಿ. ಆದರೆ ಕೊಟ್ಟಿದ್ದು ಕಾಡು. 1960ರ ಕೊನೆಯಲ್ಲಿ ಬಂದವರು ಮರ ಕಡಿದು, ಆನೆಗಳ ನಡುವೆ ಡೇರೆ ಹಾಕಿ, ಮುಸುಕಿನ ಜೋಳ ಬೆಳೆಯಲು ಕಲಿತರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಕ್ಯಾಂಪುಗಳಾದವು. ಊರೂರಲ್ಲಿ ಚಳಿಗಾಲಕ್ಕೆ ಅವರು ಮಾರುವ ಸ್ವೆಟರುಗಳೂ ಹೆಚ್ಚಾಗಿ ಲೂಧಿಯಾನದ ಕಾರ್ಖಾನೆಯವು. ಕೊಯ್ಲು ಮುಗಿದ ಮೇಲೆ ಸಂಸಾರ ನಡೆಯಬೇಕಲ್ಲ, ಅದಕ್ಕೇ ಹುಟ್ಟಿದ ವ್ಯಾಪಾರ ಅದು.

ಪ್ರಯಾಣ 1959ಕ್ಕೆ ನಿಂತಿತು ಅಂತಲೂ ಅಲ್ಲ. 2008ರವರೆಗೆ ಪ್ರತಿ ವರ್ಷ ಜನ ಸುಮಾರು 5,700 ಮೀಟರ್ ಎತ್ತರದ ನಾಂಗ್ಪಾ ಲಾ ಎಂಬ ಹಿಮದ ಕಣಿವೆ ದಾಟಿ ನೇಪಾಳದ ಮೂಲಕ ಬರುತ್ತಿದ್ದರು. ಇಲ್ಲಿ ಓದಲಿ ಎಂದು ಅಪ್ಪ ಅಮ್ಮ ಕಳಿಸಿದ ಮಕ್ಕಳೂ ಅವರಲ್ಲಿದ್ದರು. ಹಿಮಕ್ಕೆ ಬೆರಳು ಕಳೆದುಕೊಂಡವರಿದ್ದಾರೆ. 2008ರ ನಂತರ ಗಡಿ ಬಿಗಿಯಾಯಿತು, ಬರುವವರು ಬೆರಳೆಣಿಕೆಯಷ್ಟಾದರು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಅಪ್ಪ ಅಮ್ಮನನ್ನು ಮತ್ತೆ ನೋಡಲೇ ಇಲ್ಲ.

ಹಾಗಾದರೆ ಪೌರತ್ವ ತಗೊಳ್ಳಬಹುದಲ್ಲ ಅಂತ ಕೇಳುತ್ತೀರಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರಿಗೆ ಆ ಹಕ್ಕಿದೆ. 2010ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಹೇಳಿತು. ಉಳಿದವರು ಆರ್‌ಸಿ ಎಂಬ ನೋಂದಣಿ ಪತ್ರವನ್ನು ಆಗಾಗ ನವೀಕರಿಸುತ್ತಾ ಇರಬೇಕು. ಅವರು ಉಳುವ ಭೂಮಿಯೂ ಸ್ವಂತದ್ದಲ್ಲ, ಗುತ್ತಿಗೆಯದು. ಹಕ್ಕಿದ್ದರೂ ಟಿಬೆಟಿಗೆ ಮರಳುವ ಆಸೆ ಬಿಟ್ಟಂತಾಗುತ್ತದೆ ಎಂದು ಬೇಡ ಅನ್ನುವವರಿದ್ದಾರೆ. ಬೇಕು ಅನ್ನುವವರಿಗೆ 2017ರಲ್ಲಿ ಸರ್ಕಾರ ಷರತ್ತು ಹಾಕಿತು: ಭಾರತದ ಪಾಸ್‌ಪೋರ್ಟ್ ಬೇಕಿದ್ದರೆ ಆರ್‌ಸಿ ರದ್ದಾಗಬೇಕು, ಕ್ಯಾಂಪಿನಲ್ಲಿ ವಾಸ ಇರುವಂತಿಲ್ಲ. ಅಂದರೆ, ಅಪ್ಪ ಅಮ್ಮ ಕಾಡು ಕಡಿದು ಕಟ್ಟಿದ ಮನೆಯನ್ನು ಬಿಟ್ಟು ಹೊರಡಬೇಕು.